ಕರಿಗರಿ ಗದ್ದೆಯ ಆಣೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಯಜಮಾನರು ವೀರಬಸಪ್ಪನವರು ಮನೆಗೆ ಬಂದ ನೆಂಟರಿಗೆಲ್ಲ ಹೇಳಿ ನಗುತ್ತಾರೆ. ನಗಲಿ. ಐವತ್ತೆಂಟನೇ ಇಸವಿಯ ಸುಗ್ಗಿಯಲ್ಲಿ ನನ್ನ ಕೋಪಕ್ಕೆ ಏನು ಕಾರಣ ಇತ್ತು ಅನ್ನುವುದನ್ನು ಮಾತ್ರ ಅವರು ಯಾರಿಗೂ ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ನಮ್ಮೂರು ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಿಂದ ಒಂದಷ್ಟು ಒಳಗಿದೆ. ಅಂಜನಾಪುರದ ನಾಲೆ ನೀರು ಸಿಗುವವರು ಸಸಿ ನೆಟ್ಟು ಭತ್ತ ಬೆಳೆಯುತ್ತಾರೆ. ನಮಗೆ ಆ ಭಾಗ್ಯ ಇಲ್ಲ. ಮಳೆ ಬಿದ್ದ ಮೇಲೆ ಕೂರಿಗೆ ಹೂಡಿ ನೇರವಾಗಿ ಮಣ್ಣಿಗೇ ಬೀಜ ಬಿತ್ತುವುದು. ಹೀಗೆ ಬಿತ್ತಿದ ಗದ್ದೆಗೆ ಅಂಟಿಕೊಂಡ ಪೀಡೆ ಅಂದರೆ ಕಾಡುಭತ್ತ. ಎಳೆಯದಿದ್ದಾಗ ಥೇಟ್ ಭತ್ತದ ಹಾಗೇ ಇರುತ್ತದೆ, ಯಾವುದು ಬೆಳೆ ಯಾವುದು ಕಳೆ ಅಂತ ಹೇಳುವುದು ಯಾರಪ್ಪನ ಕೈಲೂ ಆಗುವುದಿಲ್ಲ. ತೆನೆ ಬಂದಾಗ ಉದ್ದುದ್ದ ಮೀಸೆ ಬಿಟ್ಟುಕೊಂಡು ನಿಲ್ಲುತ್ತದೆ. ನಾವು ಕುಡುಗೋಲು ತರುವುದರೊಳಗೆ ಕಾಳನ್ನೆಲ್ಲ ನೆಲಕ್ಕೆ ಉದುರಿಸಿ ಬರಿ ಹುಲ್ಲಾಗುತ್ತದೆ. ಉದುರಿದ್ದು ಮುಂದಿನ ಮಳೆಗೆ ಮತ್ತೆ ಹುಟ್ಟುತ್ತದೆ.

ಇದರ ಕಾಟ ತಾಳಲಾರದೆ ಯಜಮಾನರು ಶಿರಾಳಕೊಪ್ಪದ ಸಂತೆಯಲ್ಲಿ ಯಾರದೋ ಮಾತು ಕೇಳಿ ಹಾನಗಲ್ಲಿನ ಕಡೆಯಿಂದ ಕರಿಗರಿ ಭತ್ತದ ಬೀಜ ತಂದರು. ಅದರ ಗರಿ ಹಸಿರಲ್ಲ, ನೇರಳೆ ಹಣ್ಣಿನ ಬಣ್ಣ. ಅನ್ನ ಮಾತ್ರ ಮಾಮೂಲಿನದೇ. ಬಿತ್ತಿದ್ದು ಕಪ್ಪಗೆ ಹುಟ್ಟಿತು, ಕಾಡುಭತ್ತ ಹಸಿರಾಗಿ ಹುಟ್ಟಿತು. ಹಸಿರು ಕಂಡಲ್ಲಿ ಕೀಳುವುದು, ಅಷ್ಟೇ ಕೆಲಸ. ಆ ವರ್ಷ ಗದ್ದೆ ನೋಡಲು ಅಕ್ಕಪಕ್ಕದ ಊರಿನವರೆಲ್ಲ ಬಂದರು. ನಮ್ಮವರು ಹೆಗಲ ಮೇಲಿನ ಟವಲು ಕೊಡವಿ ಕೊಡವಿ ಹಾಕಿಕೊಂಡು ಬದುವಿನ ಮೇಲೆ ಓಡಾಡಿದ್ದೇ ಓಡಾಡಿದ್ದು!

ಕಳೆ ಕಿತ್ತವಳು ಮೂಕಮ್ಮ. ನಮ್ಮೂರ ಕಳೆ ಆಳುಗಳ ಗುಂಪಿಗೆ ಅವಳೇ ಯಜಮಾನಿ. ನಾನು ಸೊರಬದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಇಲ್ಲಿಯವರ ಬಿರುಸು ಮಾತು ತಿಳಿಯದೆ ಬೆಪ್ಪಾಗಿ ನಿಂತಿರುತ್ತಿದ್ದೆ. ನನ್ನನ್ನು ಬದುವಿನ ಮೇಲೆ ಕೂರಿಸಿಕೊಂಡು ಊರಲ್ಲಿ ಯಾರು ಯಾರಿಗೆ ಏನಾಗಬೇಕು, ಯಾರ ಮುಂದೆ ಬಾಯಿ ಬಿಡಬಾರದು ಅಂತೆಲ್ಲ ಹೇಳಿಕೊಟ್ಟವಳು ಅವಳು. ಗಂಡ ಹೋದ ಮೇಲೆ ಕಳೆಯ ಕೆಲಸವೇ ಅವಳ ಅನ್ನ. ಆದರೆ ಅನ್ನಕ್ಕಿಂತ ಹೆಚ್ಚಾಗಿ ಅದು ಅವಳ ಹೆಮ್ಮೆ. ಬೇರೆಯವರು ಕಿತ್ತು ಮುಗಿಸಿದ ಸಾಲಿನಲ್ಲಿ ಮತ್ತೊಮ್ಮೆ ಹೋಗಿ ತಡಕುತ್ತಿದ್ದಳು. ಒಂದು ಹಸಿರು ಎಳೆ ಸಿಕ್ಕಿತೋ, ಮುಗಿಯಿತು ಕಥೆ.

"ಏನೇ ಗುಡ್ಡಮ್ಮ, ಕಣ್ಣಾಗೆ ಕಸ ಬಿದ್ದೈತೇನೇ? ಬುಡ ಹಿಡ್ದು ಕೀಳೇ, ಜುಟ್ಟು ಹಿಡ್ದು ಜಗ್ಗಬ್ಯಾಡ!"

ಗುಡ್ಡಮ್ಮ ಅವಳ ಬೆನ್ನ ಹಿಂದೆ ಮೂತಿ ತಿರುವಿ ನನ್ನ ಕಡೆ ನೋಡಿ ನಗುತ್ತಿದ್ದಳು.

ಮುಂದಿನ ವರ್ಷವೂ ಪರವಾಗಿಲ್ಲ. ಆಮೇಲೆ ಅಲ್ಲಲ್ಲಿ ಮೀಸೆ ಕಾಣಿಸಿಕೊಂಡವು. ಐವತ್ತೆಂಟರಲ್ಲಿ, ದೀಪಾವಳಿ ಕಳೆದು ತೆನೆ ಬಾಗುವ ಹೊತ್ತಿಗೆ, ಗದ್ದೆಯ ಅರ್ಧಕ್ಕರ್ಧ ಕಾಡುಭತ್ತ ಎದ್ದು ನಿಂತಿತ್ತು. ಕಾಳು ಆಗಲೇ ಉದುರುತ್ತಿತ್ತು. ಯಜಮಾನರು ಗದ್ದೆಯಿಂದ ಬಂದವರು ಕಾಲು ಸಹ ತೊಳೆಯದೆ ಪಡಸಾಲೆಯಲ್ಲಿ ನಿಂತು ಕೂಗಾಡಿದರು.

"ಕುಂತು ಹರಟೆ ಹೊಡೆದಾರೆ! ಆ ಹುಲಿಯಪ್ಪನ ಹೊಲಕ್ಕೆ ಹೋಗೋ ಆತುರದಾಗೆ ನಮ್ಮ ಗದ್ದೇಲಿ ಕೈ ಆಡಿಸಿ ಎದ್ದು ಹೋಗ್ಯಾರೆ. ಅವಳನ್ನ ನಂಬಿ ಕೆಟ್ಟೆ!"

"ರೀ, ಮೂಕಮ್ಮ ಅಂಥವಳಲ್ಲ" ಅಂದೆ.

"ನೀನು ಸುಮ್ನಿರು. ನಾನು ಆಣೆ ಕೇಳ್ತೀನಿ."

ಆಣೆಗೆ ನಮ್ಮೂರಲ್ಲಿ ಪದ್ಧತಿ ಹೀಗೆ: ಗದ್ದೆಯ ಕೆಲಸದಲ್ಲಿ ಯಾರ ಮೇಲಾದರೂ ಅನುಮಾನ ಬಂದರೆ, ಆ ಗದ್ದೆಯ ಮಣ್ಣನ್ನು ಅಂಗೈಯಲ್ಲಿ ಹಿಡಿದು, ಮಂಗಳವಾರ ದುರ್ಗಮ್ಮನ ಗುಡಿಯ ಮುಂದೆ ನಿಂತು, 'ನನ್ನ ಕೈಯಿಂದ ಈ ಗದ್ದೆಗೆ ಕೇಡಾಗಿಲ್ಲ' ಅಂತ ಹೇಳಿ, ಮಣ್ಣನ್ನು ನಾಲಿಗೆಗೆ ಮುಟ್ಟಿಸಬೇಕು. ಹೇಳಿದರೆ ಮುಗಿಯಿತು. ಅನುಮಾನ ಪಟ್ಟವನು ಅವಳಿಗೆ ಎಲೆ ಅಡಿಕೆ ಕೊಟ್ಟು ಕೈ ಮುಗಿಯಬೇಕು, ಆ ಮಾತು ಮತ್ತೆ ಯಾರೂ ಎತ್ತುವಂತಿಲ್ಲ. ಹೇಳದಿದ್ದರೆ ಊರಿನ ಯಾವ ಗದ್ದೆಗೂ ಅವಳು ಇಳಿಯುವಂತಿಲ್ಲ.

ಮೂಕಮ್ಮ ಹೆದರಲಿಲ್ಲ. ಯಜಮಾನರು ಊರ ಕಟ್ಟೆಯಲ್ಲಿ ಆಣೆಯ ಮಾತು ಎತ್ತಿದ ಸುದ್ದಿ ತಿಳಿದ ಕೂಡಲೇ ನಮ್ಮ ಹಿತ್ತಲ ಬಾಗಿಲಿಗೆ ಬಂದು ಸೆರಗು ಸೊಂಟಕ್ಕೆ ಸಿಗಿಸಿ ನಿಂತಳು. "ಅಮ್ಮಾರೆ, ಗೌಡ್ರಿಗೆ ಹೇಳ್ರಿ, ಮಂಗ್ಳಾರ ಯಾಕೆ, ಇವತ್ತೇ ಮಾಡ್ತೀನಿ. ನನ್ನ ಕೈ ಏನಂತ ದುರ್ಗವ್ವಗೆ ಗೊತ್ತೈತೆ." ಮಾತೇನೋ ಗಟ್ಟಿಯಾಗಿತ್ತು. ಆದರೆ ಇಷ್ಟು ವರ್ಷ ದುಡಿದವಳ ಕೈಯನ್ನು ಅನುಮಾನಿಸಿದ್ದರಿಂದ ಅವಳಿಗೆ ತಡೆಯಲಾಗದಷ್ಟು ನೋವಾಗಿತ್ತು. ನನಗೂ ಆಗಿತ್ತು.

ಈಗ ನನ್ನ ತಮ್ಮನ ವಿಷಯ ಹೇಳಬೇಕು. ಶಿವಮೂರ್ತಪ್ಪ ಅಂತ ಹೆಸರು, ನನಗೆ ಮೂರ್ತಿ. ಶಿಕಾರಿಪುರದ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿ ಆಗಷ್ಟೇ ಸೇರಿದ್ದ. ನಮ್ಮ ಮನೆಯಲ್ಲೇ ಊಟ, ವಾಸ. ಕೂತಲ್ಲಿ ಕೂರುವ ಜಾತಿಯಲ್ಲ ಅವನು. ತಟ್ಟೆಯ ಮುಂದೆ ಕೂತರೂ ಮೊಣಕಾಲು ಅಲ್ಲಾಡುತ್ತಿರುತ್ತದೆ. ಆಣೆಯ ಸುದ್ದಿ ಕೇಳಿದ್ದೇ ತಡ, ಸೈಕಲ್ಲು ಗೋಡೆಗೆ ಒರಗಿಸಿ ಗದ್ದೆಗೆ ಓಡಿದ. ಮರುದಿನ ಶಾಲೆ ಬಿಟ್ಟ ಮೇಲೂ ಹೋದ. ಅದರ ಮರುದಿನವೂ. ಕೊನೆಗೆ ಎರಡು ಬುಡ ಕಿತ್ತು ತಂದು ಪಡಸಾಲೆಯ ಚಾಪೆಯ ಮೇಲೆ ಒಗೆದ.

"ಭಾವ, ಇಲ್ಲಿ ನೋಡಿ. ಇದು ನಿಮ್ಮ ಭತ್ತ. ಇದು ಕಾಡುಭತ್ತ. ಎರಡರ ಗರಿಯೂ ನೋಡಿ."

ಯಜಮಾನರು ನೋಡಿದರು. ನಾನೂ ಬಗ್ಗಿ ನೋಡಿದೆ. ಮೀಸೆ ಇದ್ದದ್ದೂ ಮೀಸೆ ಇಲ್ಲದ್ದೂ ಎರಡೂ ಕಪ್ಪಗೆ ಇದ್ದವು.

"ಕಳೆ ಕರ್ರಗಾಗೈತೆ" ಅಂದರು ಯಜಮಾನರು.

"ಹೌದು! ಹಸಿರು ಕಳೆ ನಿಮ್ಮ ಗದ್ದೆಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಮೂಕಮ್ಮ ಬಿಟ್ಟಿಲ್ಲ. ಎಲ್ಲ ಕಿತ್ತಿದ್ದಾಳೆ."

"ನಮ್ಮ ಭತ್ತ ನೋಡಿ ಅದೂ ಬಣ್ಣ ಹಚ್ಕೊಂತೋ? ಕಳೆಗೆ ಬುದ್ಧಿ ಐತೇನೋ ಮಾರಾಯ?"

"ಬುದ್ಧಿ ಎಂತದೂ ಇಲ್ಲ ಭಾವ. ಅದೇ ವಿಷಯ. ಯಾರಿಗೂ ಬುದ್ಧಿ ಬೇಕಾಗಿಲ್ಲ." ಮೂರ್ತಿ ಎದ್ದು ಓಡಾಡತೊಡಗಿದ. "ಎರಡೂ ಹತ್ತಿರದ ನೆಂಟರು. ಹೂ ಬಿಟ್ಟಾಗ ಇದರ ಪರಾಗ ಗಾಳಿಗೆ ಹಾರಿ ಅದಕ್ಕೆ ಬೀಳ್ತದೆ. ಮರು ವರ್ಷ ಕಾಡುಭತ್ತದಲ್ಲೂ ಎಲ್ಲೋ ಒಂದೊಂದು ಸಸಿ ಕಪ್ಪಗೆ ಹುಟ್ಟಿತು. ಮೂಕಮ್ಮ ಹಸಿರೆಲ್ಲ ಕಿತ್ತಳು. ಕಪ್ಪಗಿದ್ದದ್ದು ಬೆಳೆಯೇ ಅಂತ ಉಳಿಸಿದಳು. ಉಳಿದದ್ದು ಕಾಳು ಉದುರಿಸಿತು. ಅದರ ಮರು ವರ್ಷ ಕಪ್ಪು ಇನ್ನೂ ಜಾಸ್ತಿ. ಮತ್ತೆ ಹಸಿರು ಮಾತ್ರ ಕಿತ್ತರು. ಈಗ ನೋಡಿ, ಕಳೆಯೆಲ್ಲ ಕಪ್ಪೇ. ಇದಕ್ಕೆ ನಿಸರ್ಗದ ಆಯ್ಕೆ ಅಂತಾರೆ. ಪುಸ್ತಕದಲ್ಲಿ ಎಲ್ಲೆಲ್ಲಿಯದೋ ಉದಾಹರಣೆ ಕೊಟ್ಟು ಹುಡುಗರಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ಇಲ್ಲಿ ನಿಮ್ಮ ಗದ್ದೆಯಲ್ಲೇ ನಡೆದಿದೆ!"

ಅವನ ಮುಖ ನೋಡಿದರೆ ಮನೆಗೆ ನಷ್ಟವಾಗಿದೆ ಅಂತ ಯಾರೂ ಹೇಳುತ್ತಿರಲಿಲ್ಲ. ಹಬ್ಬದ ದಿನದ ಹಾಗೆ ಹೊಳೆಯುತ್ತಿತ್ತು. ಯಜಮಾನರು ಎರಡು ಬುಡಗಳನ್ನೂ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ದಡ್ಡರೇನಲ್ಲ ಅವರು. ಅರ್ಥವಾಯಿತು ಅಂತ ನನಗೆ ಅವರ ಕಣ್ಣಲ್ಲೇ ಗೊತ್ತಾಯಿತು.

"ಹಂಗಾದರೆ ಆಣೆ ಬೇಡ ಅಂತ ಹೇಳಿ ಕಳಿಸ್ತೀರೇನ್ರೀ?" ಅಂದೆ.

"ಊರ ಮುಂದೆ ಆಡಿದ ಮಾತು ಹೆಂಗೆ ಹಿಂದಕ್ಕೆ ತಗೊಳ್ಲಿ? ಅವಳು ಆಣೆ ಮಾಡ್ತೀನಿ ಅಂತ ತಾನೇ ಕುಣೀತಾಳೆ. ಮಾಡ್ಲಿ ಬಿಡು. ನಾನು ಎಲೆ ಅಡಿಕೆ ಕೊಟ್ಟು ಕೈ ಮುಗೀತೀನಿ. ಅವಳ ಹೆಸರೂ ಉಳೀತು, ನನ್ನ ಮಾತೂ ಉಳೀತು."

ನಿಜ ಹೇಳಬೇಕೆಂದರೆ ನನಗೂ ಅದು ಸರಿ ಅನ್ನಿಸಿತು. ಮೂರ್ತಿಗೆ ಮಾತ್ರ ಸಮಾಧಾನವಿಲ್ಲ. ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ಶತಪಥ. "ಅಕ್ಕ, ತಪ್ಪು ಮಾಡದವಳು ಮಣ್ಣು ತಿಂದು ತೋರಿಸಬೇಕಾ? ಕಾರಣ ಗೊತ್ತಿದೆ, ಅವಳಿಗೆ ಹೇಳದೆ ಇರುವುದು ಹೇಗೆ?" ಅಂದ.

"ಮಂಗಳವಾರ ಕಳೀಲಿ, ಆಮೇಲೆ ಹೇಳು ಮಾರಾಯ."

"ಅಷ್ಟು ದಿನ ಅವಳು ಸಂಕಟ ಪಡಬೇಕಾ?" ಅಂತ ಚಪ್ಪಲಿ ಮೆಟ್ಟಿಯೇಬಿಟ್ಟ. ಇವನು ತರಗತಿಯಲ್ಲಿ ಮಾತಾಡುವ ಹಾಗೆ ಮಾತಾಡಿ ಆ ಹೆಂಗಸಿನ ತಲೆ ತಿಂದಾನು ಅಂತ ನಾನೂ ಹಿಂದೆಯೇ ಹೊರಟೆ.

ಮೂಕಮ್ಮ ಮನೆಯ ಮುಂದೆ ಕೂತು ಕುಡುಗೋಲು ಮಸೆಯುತ್ತಿದ್ದಳು. ನಮ್ಮನ್ನು ನೋಡಿ ಎದ್ದು ಕಂಬಳಿ ಹಾಸಿದಳು. ಮೂರ್ತಿ ಕೂರಲಿಲ್ಲ. ನಿಂತೇ ಎಲ್ಲ ಹೇಳಿದ. ಪಾಪ, ಚೆನ್ನಾಗಿಯೇ ಹೇಳಿದ. ದೊಡ್ಡ ದೊಡ್ಡ ಶಬ್ದ ಬಳಸಲಿಲ್ಲ. ಅವಳು ರೆಪ್ಪೆ ಹೊಡೆಯದೆ ಕೇಳಿದಳು.

"ಅಂದ್ರೆ, ಮೇಷ್ಟ್ರೇ, ನಾನು ಹಸಿರು ಕಿತ್ತಿದ್ದಕ್ಕೇ ಕರೇದು ಹೆಚ್ಚಾತಾ?"

"ಹೌದು."

"ನಾನು ಅಲ್ಲಿ ಇಲ್ಲಿ ಬಿಟ್ಟಿದ್ರೆ?"

"ಬಿಟ್ಟಿದ್ದರೆ ಹಸಿರೇ ಉಳೀತಿತ್ತು. ಕಳೆ ಇಷ್ಟು ಬೇಗ ಬಣ್ಣ ಬದಲಾಯಿಸ್ತಿರಲಿಲ್ಲ. ನೀನು ಅಷ್ಟು ಚೆನ್ನಾಗಿ ಕಿತ್ತಿದ್ದಕ್ಕೇ ಹೀಗಾಗಿದ್ದು. ಇದರಲ್ಲಿ ನಿನ್ನ ತಪ್ಪು ಒಂಚೂರೂ ಇಲ್ಲ ಮೂಕಮ್ಮ."

"ಹಂಗೇನ್ರಿ" ಅಂದಳು. ತನ್ನ ಎರಡೂ ಕೈ ಸೆರಗಿಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ನಮಗೆ ಬೆಲ್ಲ ನೀರು ಕೊಟ್ಟಳು. ದಾರಿಯಲ್ಲಿ ಮೂರ್ತಿ ಬಹಳ ಖುಷಿಯಲ್ಲಿದ್ದ. "ನೋಡಿದೆಯಾ ಅಕ್ಕ, ನಮ್ಮ ಹುಡುಗರಿಗಿಂತ ಬೇಗ ಹಿಡಿದಳು" ಅಂದ. ನನಗೆ ಮಾತ್ರ ಅವಳು ಕೈ ಒರೆಸಿಕೊಂಡ ರೀತಿ ಹಿಡಿಸಲಿಲ್ಲ. ಏನೋ ಒಂದು ಕಸಿವಿಸಿ. ಮಂಗಳವಾರದವರೆಗೂ ಹಾಲು ಉಕ್ಕಿಸಿದೆ, ಸಾರಿಗೆ ಉಪ್ಪು ಮರೆತೆ, ಸುಮ್ಮಸುಮ್ಮನೆ ಎಲ್ಲರ ಮೇಲೂ ರೇಗಿದೆ.

ಮಂಗಳವಾರ ಬೆಳಗ್ಗೆ ದುರ್ಗಮ್ಮನ ಗುಡಿಯ ಮುಂದೆ ಊರೇ ನೆರೆದಿತ್ತು. ಯಜಮಾನರ ಕೈಯಲ್ಲಿ ಎಲೆ ಅಡಿಕೆಯ ತಟ್ಟೆ ತಯಾರಾಗಿತ್ತು. ಮೂಕಮ್ಮ ತಲೆಗೆ ಸ್ನಾನ ಮಾಡಿ ಬಂದಿದ್ದಳು. ಪೂಜಾರಿ ಪುಟ್ಟಪ್ಪ ನಮ್ಮ ಗದ್ದೆಯ ಮಣ್ಣನ್ನು ಅವಳ ಅಂಗೈಗೆ ಹಾಕಿ, "ಹೇಳವ್ವ" ಅಂದ.

"ನನ್ನ ಕೈಯಿಂದ" ಅಂದಳು ಮೂಕಮ್ಮ. ಅಲ್ಲಿಗೆ ನಿಂತಳು.

"ಮುಂದಕ್ಕೆ ಹೇಳು."

ಅವಳು ಅಂಗೈ ನೋಡಿಕೊಂಡಳು. "ಆಗಲ್ಲ ಪುಟ್ಟಪ್ಪ."

"ಯಾಕೆ ಆಗಲ್ಲ?"

"ಇದು ನನ್ನ ಕೈಯಿಂದ್ಲೇ ಆಗಿದ್ದು. ಒಂದು ಹಸಿರೂ ಬಿಡದಂಗೆ ಕಿತ್ತೆ, ಅದಕ್ಕೇ ಕರೇದು ಉಳ್ಕೊಂಡು ಗದ್ದೆ ತುಂಬ್ತು. ಗೊತ್ತಿಲ್ಲದಾಗ ಆಗಿದ್ರೆ ಆಣೆ ಮಾಡ್ತಿದ್ದೆ. ಈಗ ಗೊತ್ತಾಗೈತೆ. ಅವ್ವನ ಮುಂದೆ ಹೆಂಗೆ ಸುಳ್ಳು ಹೇಳ್ಲಿ?"

ಜನ ಕೇಳಿಸಿಕೊಂಡದ್ದು 'ನನ್ನ ಕೈಯಿಂದಲೇ' ಅನ್ನುವುದೊಂದನ್ನು ಮಾತ್ರ. "ಒಪ್ಕೊಂಡ್ಲಲ್ಲಪ್ಪ!" ಅಂತ ಹುಲಿಯಪ್ಪ ಕೂಗಿದ. ಗುಸುಗುಸು ಎದ್ದಿತು. ಮೂರ್ತಿ ಜನರ ನಡುವೆ ನುಗ್ಗಿದ. "ಅದು ತಪ್ಪೊಪ್ಪಿಗೆ ಅಲ್ಲ! ಕೇಳಿ ಇಲ್ಲಿ! ಪರಾಗ ಗಾಳಿಯಲ್ಲಿ..." ಅಂತ ಶುರು ಮಾಡಿದ. ಯಾರೋ ಹಿಂದಿನಿಂದ, "ಮೇಷ್ಟ್ರೇ, ಇದು ನಿಮ್ಮ ಹೈಸ್ಕೂಲಲ್ಲ, ಗುಡಿ" ಅಂದರು. ಎಲ್ಲರೂ ನಕ್ಕರು.

ನಾನು ಯಜಮಾನರ ಕಡೆ ನೋಡಿದೆ. ಅವರ ಒಂದು ಮಾತು ಸಾಕಾಗಿತ್ತು. ಮೇಷ್ಟ್ರು ಹೇಳುವುದು ನಿಜ, ನಾನೇ ಕಣ್ಣಾರೆ ನೋಡಿದ್ದೇನೆ ಅಂದಿದ್ದರೆ ಊರು ಕೇಳುತ್ತಿತ್ತು. ಆದರೆ ಹಾಗೆ ಅಂದರೆ ಕೇಡು ಅವರು ತಂದ ಬೀಜದಿಂದ ಬಂತು ಅಂತಾಗುತ್ತದೆ. ಎದೆ ಉಬ್ಬಿಸಿ ಓಡಾಡಿದ ಬದುವಿನ ಮೇಲೆ ತಲೆ ತಗ್ಗಿಸಬೇಕಾಗುತ್ತದೆ. ಅವರು ಎಲೆ ಅಡಿಕೆಯ ತಟ್ಟೆಯನ್ನೇ ನೋಡುತ್ತ ನಿಂತರು.

ನನ್ನ ಮೈ ಉರಿದುಹೋಯಿತು. ಹೆಂಗಸರ ಗುಂಪಿನಿಂದಲೇ ಕೂಗಿದೆ: "ಹೇಳ್ರೀ! ನಿಮಗೆ ಗೊತ್ತಿದೆಯಲ್ಲ, ಬಾಯಿ ಬಿಟ್ಟು ಹೇಳ್ರೀ!"

ಊರಿಗೆ ಊರೇ ನನ್ನ ಕಡೆ ತಿರುಗಿತು. ಗಂಡನಿಗೆ ಎದುರು ಮಾತಾಡಿದವಳನ್ನು ಆ ಗುಡಿಯ ಮುಂದೆ ಯಾರೂ ಅದುವರೆಗೆ ನೋಡಿರಲಿಲ್ಲ. ಯಜಮಾನರು ನನ್ನ ಮುಖ ನೋಡದೆ, "ಮನೆಗೆ ನಡಿ" ಅಂದರು. ಅಷ್ಟೇ.

ಮೂಕಮ್ಮ ಮಣ್ಣನ್ನು ಕೆಳಗೆ ಚೆಲ್ಲಲಿಲ್ಲ. ಪುಟ್ಟಪ್ಪನ ತಟ್ಟೆಗೆ ವಾಪಸು ಹಾಕಿ, ಕೈ ಮುಗಿದು ಹೊರಟಳು. ಮೂರ್ತಿ ಅವಳ ಹಿಂದೆ ಓಡಿದ. ನಾನೂ ಹೋದೆ, ಮನೆಗೆ ಹೋಗುವ ಮಾತೇ ಇರಲಿಲ್ಲ.

"ಎಂತ ಮಾಡಿದೆ ಮಾರಾಯ್ತಿ!" ಅಂದ ಮೂರ್ತಿ. "ನಾಲ್ಕು ಶಬ್ದ ಹೇಳಿಬಿಟ್ಟಿದ್ದರೆ ಮುಗಿದೇ ಹೋಗ್ತಿತ್ತಲ್ಲ!"

ಅವಳಿಗೆ ಅವನ ಮೇಲೆ ಕೋಪವಿರಲಿಲ್ಲ. ಅದಕ್ಕೇ ನನಗೆ ಇನ್ನೂ ಸಂಕಟವಾಯಿತು. "ನೀವು ಹುಡುಗ್ರಿಗೆ ಹಂಗೇ ಹೇಳ್ಕೊಡ್ತೀರೇನ್ರಿ ಮೇಷ್ಟ್ರೇ? ತಿಳಿದ ಮ್ಯಾಲೂ ತಿಳೀದವರಂಗೆ ಇರ್ರಿ ಅಂತ?"

ಮೂರ್ತಿ ನಿಂತಲ್ಲೇ ನಿಂತುಬಿಟ್ಟ. ಹುಟ್ಟಿದಾರಭ್ಯ ಅವನು ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದನ್ನು ನಾನು ನೋಡಿಲ್ಲ.

ಆಮೇಲೆ ಅವಳನ್ನು ಊರಲ್ಲಿ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕಳೆ ಗುಂಪಿಗೆ ಗುಡ್ಡಮ್ಮ ಯಜಮಾನಿಯಾದಳು. ನಾನು ಯಜಮಾನರ ಜೊತೆ ಎಷ್ಟೋ ದಿನ ಮಾತು ಬಿಟ್ಟೆ. ತಟ್ಟೆ ಇಡುವಾಗ ಸದ್ದು ಮಾಡಿ ಇಡುತ್ತಿದ್ದೆ. ಅವರಿಗೆ ಅರ್ಥವಾಗುತ್ತಿತ್ತು, ಸುಮ್ಮನೆ ಉಣ್ಣುತ್ತಿದ್ದರು. ಒಮ್ಮೆ ಮಾತ್ರ, "ನಾನೇನು ಅವಳಿಗೆ ಬ್ಯಾಡ ಅಂದಿದ್ನಾ? ಎಲೆ ಅಡಿಕೆ ಹಿಡ್ಕೊಂಡೇ ನಿಂತಿದ್ದೆ" ಅಂದರು.

ಮೂರ್ತಿಯೂ ಅವರೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ. ಬಿತ್ತನೆ ಹತ್ತಿರ ಬಂದಾಗ ಮಾತ್ರ ಬಾಗಿಲಲ್ಲಿ ನಿಂತು ಹೇಳಿದ: "ಭಾವ, ಈ ಸಲ ಕರಿಗರಿ ಬೇಡ. ಹಸಿರು ಗರಿಯ ಬೀಜ ಹಾಕಿ. ಕಳೆಯೆಲ್ಲ ಈಗ ಕಪ್ಪು, ತಾನಾಗೇ ಎದ್ದು ಕಾಣ್ತದೆ." ಯಜಮಾನರು ಸದ್ದಿಲ್ಲದೆ ಹಸಿರು ಬೀಜವನ್ನೇ ತಂದು ಬಿತ್ತಿದರು.

ಮಳೆಗಾಲದಲ್ಲಿ ಗುಡ್ಡಮ್ಮನ ಗುಂಪು ಗದ್ದೆಗಿಳಿಯಿತು. ಹಸಿರಿನ ನಡುವೆ ಕಪ್ಪು ಕಂಡಲ್ಲಿ ಕೀಳುವುದು. ಕಣ್ಣು ಮಂಜಾದ ಮುದುಕಿಯರೂ ಕೀಳಬಹುದಿತ್ತು. ಸುಗ್ಗಿಗೆ ಗದ್ದೆಯಲ್ಲಿ ಮೀಸೆಯ ಸುಳಿವಿರಲಿಲ್ಲ. ಯಜಮಾನರು ಮತ್ತೆ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಬಂದವರಿಗೆಲ್ಲ ಗದ್ದೆ ತೋರಿಸಿ, "ಕೈ ಅಂದ್ರೆ ಗುಡ್ಡಮ್ಮನ ಕೈ. ಮೊದ್ಲೇ ಇವಳನ್ನ ಇಟ್ಕೋಬೇಕಿತ್ತು" ಅಂದರು. ನನ್ನ ಎದುರಿಗೇ ಅಂದರು! ಗುಡ್ಡಮ್ಮ ನಾಚಿಕೊಂಡು ನಕ್ಕಳು. ನಾನು ಕೈಯಲ್ಲಿದ್ದ ಮಜ್ಜಿಗೆ ಲೋಟವನ್ನು ನೆಂಟರ ಮುಂದೆ ಕುಕ್ಕಿ ಒಳಗೆ ಹೋದೆ. ಆವತ್ತಿನಿಂದಲೇ ಅವರು ನನ್ನ ಮೂಗಿನ ಕಥೆ ಹೇಳಲು ಶುರು ಮಾಡಿದ್ದು.

ಆ ಸುಗ್ಗಿಯ ನಂತರ ತವರಿಗೆ ಹೋಗಲು ಶಿರಾಳಕೊಪ್ಪದಲ್ಲಿ ಸೊರಬದ ಬಸ್ಸಿಗೆ ಕಾಯುತ್ತಿದ್ದೆ. ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ನೋಡಿದರೆ ಗಂಟು ಹಿಡಿದು ಮೂಕಮ್ಮ ನಿಂತಿದ್ದಾಳೆ. ಊರು ಬಿಟ್ಟು ಸೊರಬದ ಕಡೆ ಯಾರದೋ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳು. ಅಲ್ಲಿ ಅವಳು ಯಜಮಾನಿಯಲ್ಲ, ಹತ್ತರಲ್ಲಿ ಒಬ್ಬಳು. ತೆಳ್ಳಗಾಗಿದ್ದಳು. ನನ್ನನ್ನು ನೋಡಿ ನಕ್ಕಳು, ನನಗೆ ಅಳು ಬಂತು. ಅಳು ಬಂದರೆ ನನಗೆ ಕೋಪವೂ ಬರುತ್ತದೆ. ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ: ಹಸಿರು ಬೀಜ ಹಾಕಿದ್ದು, ಗದ್ದೆ ಸ್ವಚ್ಛವಾದದ್ದು, ಊರ ತುಂಬ ಗುಡ್ಡಮ್ಮನ ಕೈಯ ಹೊಗಳಿಕೆ.

ಮೂಕಮ್ಮನ ಮುಖದಲ್ಲಿ ಹೊಟ್ಟೆಕಿಚ್ಚು ಕಾಣಲಿಲ್ಲ. ಏನೋ ಲೆಕ್ಕ ಹಾಕುವವಳ ಹಾಗೆ ಬೆರಳು ಮಡಚಿದಳು.

"ಈಗ ಕರೇದು ಕೀಳ್ತಾರೇನ್ರಿ ಅಮ್ಮಾರೆ?"

"ಹ್ಞೂಂ, ಕರೇದು ಒಂದೂ ಬಿಡದ ಹಾಗೆ ಕೀಳ್ತಾಳಂತೆ ಆ ಮಹಾತಾಯಿ."

"ಹಂಗಾರೆ ಇನ್ನ ಹಸಿರು ಕಳೆ ಉಳ್ಕೊಂತ ಬರ್ತೈತೆ" ಅಂದಳು. ಬಸ್ಸು ಬಂತು, ಜನ ನುಗ್ಗಿದರು. ಅವಳು ಗಂಟನ್ನು ಕಂಕುಳಿಗೆ ಸಿಗಿಸಿಕೊಂಡು ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಹತ್ತಿಸುತ್ತ, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು:

"ಗೌಡ್ರಿಗೆ ಒಂದು ಮಾತು ಹೇಳ್ರಿ. ನಾಕು ವರ್ಷ ಬಿಟ್ಟು ಗುಡ್ಡಮ್ಮನ ಹತ್ರ ಆಣೆ ಮಾತ್ರ ಕೇಳಬ್ಯಾಡ್ರಿ ಅಂತ."